ಇಲಿಗೂ ನನ್ನ ಮಗಳಿಗೂ ಏನು ಸಂಬಂಧ?

ಸಂಪಾದಕರೇ,

ಇಲಿಯ ಕಾಯಿಲೆ ಬೇರೆ, ಮನುಷ್ಯರದ್ದು ಬೇರೆ, ವಂಶವಾಹಿ ತಿದ್ದಿದ ಇಲಿಗಳಿಂದ ನಮಗೇನು ಉಪಯೋಗ, ಸುಮ್ನೆ ಹಿಂಸೆ ಅಂತ ಮೊನ್ನೆ ನಿಮ್ಮಲ್ಲಿ ಓದುಗರೊಬ್ಬರು ಬರೆದಿದ್ದರು. ಅವರ ಕರುಣೆ ನನಗೆ ಅರ್ಥವಾಗುತ್ತದೆ. ಆದರೆ ನನ್ನ ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ. ಉತ್ತರ ಬರೆಯದೆ ಇರಲು ಆಗಲಿಲ್ಲ.

ಅವಳಿಗೆ ಆರು ವರ್ಷ ಇದ್ದಾಗ ಶುರುವಾಯಿತು. ಹೊಟ್ಟೆ ಉಬ್ಬರ, ಭೇದಿ, ತೂಕ ಏರುತ್ತಲೇ ಇರಲಿಲ್ಲ. ರಕ್ತ ಕಡಿಮೆ ಅಂತ ಎರಡು ವರ್ಷ ಟಾನಿಕ್ ಕುಡಿಸಿದೆವು, ಜಂತುಹುಳದ ಮಾತ್ರೆ ಕೊಟ್ಟೆವು, ದೃಷ್ಟಿ ಕೂಡ ತೆಗೆಸಿದೆವು. ಇದು ಉತ್ತರದವರ ಕಾಯಿಲೆ, ನಮ್ಮ ಕಡೆ ಬರಲ್ಲ ಅಂದ ವೈದ್ಯರೂ ಇದ್ದರು. ಕೊನೆಗೆ ಎಂಡೋಸ್ಕೋಪಿ ಆದಮೇಲೆ ಗೊತ್ತಾಯಿತು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಒಳಗೆ ಹೋದರೆ ಅವಳ ದೇಹ ಅವಳ ಕರುಳನ್ನೇ ಹಾಳು ಮಾಡುತ್ತದೆ. ಇದಕ್ಕೆ ಔಷಧಿ ಇಲ್ಲ, ಜೀವನಪೂರ್ತಿ ಪಥ್ಯ ಅಷ್ಟೇ. ಚಪಾತಿ ಬಿಡುವುದು ಸುಲಭ, ಆದರೆ ಉಪ್ಪಿಟ್ಟಿನ ರವೆಯೂ ಗೋಧಿಯದೇ, ಶಾವಿಗೆಯೂ ಹೆಚ್ಚಾಗಿ ಗೋಧಿಯದೇ, ಸಾರಿಗೆ ಹಾಕುವ ಡಬ್ಬಿ ಇಂಗಿಗೂ ಎಷ್ಟೋ ಕಡೆ ಗೋಧಿ ಹಿಟ್ಟು ಬೆರೆಸಿರುತ್ತಾರೆ ಅಂತ ಕಲಿಯಲು ನನಗೆ ತಿಂಗಳುಗಳೇ ಹಿಡಿದವು.

ಈಗ ಇಲಿಯ ವಿಷಯ. ಸಾಮಾನ್ಯ ಇಲಿ ಎಷ್ಟೇ ಗೋಧಿ ತಿಂದರೂ ಅದಕ್ಕೆ ಸೀಲಿಯಾಕ್ ಬರುವುದಿಲ್ಲ, ಅಷ್ಟರ ಮಟ್ಟಿಗೆ ಆ ಓದುಗರ ಮಾತು ಸರಿ. ಅದಕ್ಕೇ ತಾನೇ ವಂಶವಾಹಿ ತಿದ್ದಬೇಕಾಗಿ ಬಂದಿದ್ದು! ಈ ಕಾಯಿಲೆ ಇರುವ ಬಹುತೇಕ ಎಲ್ಲರಲ್ಲೂ ಡಿಕ್ಯೂ2 ಅಥವಾ ಡಿಕ್ಯೂ8 ಅನ್ನುವ ವಂಶವಾಹಿ ಇರುತ್ತದೆ. ಮನುಷ್ಯರ ಡಿಕ್ಯೂ8 ಅನ್ನು ಇಲಿಗೆ ಸೇರಿಸಿ ನೋಡಿದರು. ಅಷ್ಟರಿಂದಲೇ ಕರುಳು ಹಾಳಾಗಲಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಬಾನಾ ಜಾಬ್ರಿ ಅವರ ತಂಡ ಐಎಲ್-15 ಅನ್ನುವ, ಉರಿಯೂತ ಹೆಚ್ಚಿಸುವ ಪ್ರೋಟೀನನ್ನೂ ಇಲಿಯ ಕರುಳಿನ ಹೊದಿಕೆಯಲ್ಲಿ ಮತ್ತು ಅದರ ಕೆಳಗಿನ ಪದರದಲ್ಲಿ ಜಾಸ್ತಿ ಮಾಡಿತು. 2020ರಲ್ಲಿ ಇದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಇಲಿಗೆ ಗ್ಲುಟೆನ್ ಕೊಟ್ಟಾಗ ಕರುಳಿನ ಒಳಗಿನ ಬೆರಳಿನಂಥ ವಿಲ್ಲೈಗಳು ಸವೆದುಹೋದವು, ನನ್ನ ಮಗಳಿಗೆ ಆದ ಹಾಗೇ. ಗ್ಲುಟೆನ್ ನಿಲ್ಲಿಸಿದ ಮೇಲೆ ಚೇತರಿಸಿಕೊಂಡವು, ಅದೂ ಅವಳ ಹಾಗೇ.

ಇದನ್ನು ಓದಿದಾಗ ನನಗೆ ಮಗ ನೆನಪಾದ. ಅವನಿಗೂ ತಂಗಿಗಿರುವ ವಂಶವಾಹಿಯೇ ಇದೆ, ಪರೀಕ್ಷೆ ಮಾಡಿಸಿದ್ದೇವೆ. ದಿನಾ ಚಪಾತಿ ತಿನ್ನುತ್ತಾನೆ, ಇವತ್ತಿನವರೆಗೂ ಏನೂ ಆಗಿಲ್ಲ. ಹೀಗೇಕೆ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೆ. ವಂಶವಾಹಿ ಇದ್ದರೆ ಸಾಲದು, ಗೋಧಿ ತಿಂದರೆ ಸಾಲದು, ಕರುಳಿನಲ್ಲಿ ಇನ್ನೇನೋ ಕೆರಳಬೇಕು ಅನ್ನುವುದನ್ನು ಆ ಇಲಿಗಳು ತೋರಿಸಿವೆ. ನಮ್ಮ ದೇಶದ್ದೇ ಲೆಕ್ಕ ನೋಡಿ. 2016ರಲ್ಲಿ ಬಂದ ಅಧ್ಯಯನದಲ್ಲಿ ಈ ವಂಶವಾಹಿಗಳು ಉತ್ತರದವರಲ್ಲೂ ದಕ್ಷಿಣದವರಲ್ಲೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿದ್ದವು, ಕಾಯಿಲೆ ಮಾತ್ರ ಅಕ್ಕಿ ತಿನ್ನುವ ದಕ್ಷಿಣದಲ್ಲಿ ತುಂಬಾ ಕಡಿಮೆ ಇತ್ತು. ಈಗ ನಮ್ಮ ಮನೆಗಳಲ್ಲೂ ರಾತ್ರಿ ಊಟಕ್ಕೆ ಚಪಾತಿಯೇ ಅಲ್ವಾ?

ಗ್ಲುಟೆನ್ನಿನ ರೂಪ ಬದಲಿಸಿ ಅದನ್ನು ಇನ್ನಷ್ಟು ಅಪಾಯಕಾರಿ ಮಾಡುವ ಒಂದು ಕಿಣ್ವ ನಮ್ಮ ಕರುಳಿನಲ್ಲಿದೆ. ಅದನ್ನು ತಡೆದಾಗ ಈ ಇಲಿಗಳ ಕರುಳು ಉಳಿಯಿತು. ಅದೇ ಕಿಣ್ವವನ್ನು ತಡೆಯುವ ಮಾತ್ರೆಯೊಂದನ್ನು ರೋಗಿಗಳಿಗೆ ಆರು ವಾರ ಕೊಟ್ಟು ನೋಡಿದ ಫಲಿತಾಂಶ 2021ರಲ್ಲಿ ಬಂತು, ಅವರಲ್ಲೂ ಹಾನಿ ಕಡಿಮೆಯಾಗಿತ್ತು. ಗಾಜಿನ ತಟ್ಟೆಯಲ್ಲಿ ಜೀವಕೋಶ ಬೆಳೆಸಿ ತಿಳಿಯುವುದಾದರೆ ಹಾಗೇ ಮಾಡಲಿ, ಒಂದು ಇಲಿಯನ್ನೂ ಜಾಸ್ತಿ ಬಳಸಬಾರದು. ಆದರೆ ಊಟ, ಕರುಳು, ರಕ್ತ, ರಕ್ಷಣಾ ಕೋಶಗಳು ಎಲ್ಲ ಒಟ್ಟಿಗೆ ಹೇಗೆ ನಡೆದುಕೊಳ್ಳುತ್ತವೆ ಅಂತ ಇನ್ನೂ ತಟ್ಟೆಯಲ್ಲಿ ಪೂರ್ತಿ ನೋಡಲು ಆಗುವುದಿಲ್ಲ.

ನಿಮ್ಮಲ್ಲೂ ಒಂದು ಕೋರಿಕೆ. ಇಂಥ ಸುದ್ದಿಗೆ ‘ಔಷಧಿ ಸಿಕ್ಕೇಬಿಟ್ಟಿತು’ ಅಂತ ತಲೆಬರಹ ಕೊಡಬೇಡಿ. ಹಿಂದೊಮ್ಮೆ ಎಲ್ಲೋ ಹಾಗೆ ಬಂದಿದ್ದನ್ನು ಓದಿ ಮಗಳು, ‘ಅಮ್ಮಾ, ಈ ಯುಗಾದಿಗೆ ಹೋಳಿಗೆ ತಿನ್ನಬಹುದಾ?’ ಅಂತ ಕೇಳಿದಳು. ಇಲ್ಲ ಪುಟ್ಟಾ ಅಂದೆ.

– ಒಬ್ಬ ತಾಯಿ, ಮೈಸೂರು