ಡೆನ್ಮಾರ್ಕಿನ ಬೆಳ್ಳಿಪಾತ್ರೆ: ಬಡಿದವರ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಸ್ಕ್ಯಾಂಡಿನೇವಿಯಾದ ವಿನ್ಯಾಸ ಪರಂಪರೆಯ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಡೆನ್ಮಾರ್ಕಿನ ಕುರ್ಚಿ ಮತ್ತು ದೀಪಗಳ ಬಗ್ಗೆ ಸೊಗಸಾಗಿ ಬರೆದ ಲೇಖಕರು ಅಲ್ಲಿನ ಬೆಳ್ಳಿ ಕೆಲಸವನ್ನು ಒಂದೇ ವಾಕ್ಯದಲ್ಲಿ ಮುಗಿಸಿ, ಅದರ ಶ್ರೇಯವನ್ನೆಲ್ಲ ನಕ್ಷೆ ಬರೆದವರಿಗೇ ಕೊಟ್ಟಿದ್ದಾರೆ. ಸುತ್ತಿಗೆ ಹಿಡಿದವರಿಗೆ ಇದರಿಂದ ಅನ್ಯಾಯವಾಗುತ್ತದೆ ಎಂಬುದು ನನ್ನ ದೃಢವಾದ ಅನಿಸಿಕೆ.

ಕೈಯಿಂದ ಬಡಿದ ಬೆಳ್ಳಿಪಾತ್ರೆ ಹುಟ್ಟುವುದು ಚಪ್ಪಟೆಯಾದ ಒಂದು ದುಂಡು ತಗಡಿನಿಂದ. ಅದನ್ನು ಉಕ್ಕಿನ ಅಡಗಲ್ಲಿನ ಮೇಲಿಟ್ಟು, ನಡುವಿನಿಂದ ಅಂಚಿನ ಕಡೆಗೆ ಸುತ್ತುಸುತ್ತಾಗಿ ಬಡಿಯುತ್ತ ಹೋದಂತೆ ತಗಡಿನ ಅಗಲ ಕುಗ್ಗಿ, ತಿಗರಿಯ ಮೇಲಿನ ಮಣ್ಣಿನ ಹಾಗೆ ಗೋಡೆ ಮೇಲೇಳುತ್ತದೆ. ಆದರೆ ಬೆಳ್ಳಿ ಏಟು ತಿಂದಷ್ಟೂ ಬಿರುಸಾಗುತ್ತದೆ. ಹಾಗೆಯೇ ಮುಂದುವರಿದರೆ ಸೀಳುತ್ತದೆ. ಆದ್ದರಿಂದ ಒಂದೊಂದು ಸುತ್ತು ಮುಗಿದಾಗಲೂ ಪಾತ್ರೆಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ, ಮಂದವಾದ ಕೆಂಪು ಕಾಣುವವರೆಗೆ ಕಾಯಿಸಿ ಮೆದುಗೊಳಿಸಬೇಕು, ಆಮ್ಲದಲ್ಲಿ ಅದ್ದಿ ಶುಚಿ ಮಾಡಬೇಕು, ಮತ್ತೆ ಬಡಿಯಬೇಕು. ಸಾವಿರಕ್ಕೆ 925 ಪಾಲು ಬೆಳ್ಳಿಯಿರುವ ಸ್ಟರ್ಲಿಂಗ್‌ನಲ್ಲಿ ಉಳಿದ ಪಾಲು ಸಾಮಾನ್ಯವಾಗಿ ತಾಮ್ರವಾದ್ದರಿಂದ, ಕಾವು ಹೆಚ್ಚು ಹೊತ್ತು ನಿಂತರೆ ಮೇಲ್ಮೈಯ ಒಳಗೆ ಬೂದು ಕಲೆ ಕೂರುತ್ತದೆ. ಎಷ್ಟು ಕಾವು, ಎಷ್ಟು ಏಟು, ಯಾವ ಕೋನ ಎಂಬುದನ್ನು ಯಾವ ನಕ್ಷೆಯೂ ಹೇಳುವುದಿಲ್ಲ. ಅದನ್ನು ನಿರ್ಧರಿಸುವುದು ಲೋಹದ ಸದ್ದು ಕೇಳುವ ಕಿವಿ ಮತ್ತು ಅದರ ಪ್ರತಿರೋಧವನ್ನು ಅರಿಯುವ ಕೈ.

1904ರಲ್ಲಿ ಕೋಪನ್‌ಹೇಗನ್ನಿನ ಬ್ರೆಡ್‌ಗೇಡ್ ಬೀದಿಯಲ್ಲಿ ಕಾರ್ಯಾಗಾರ ತೆರೆದ ಜಾರ್ಜ್ ಜೆನ್ಸನ್ ಇದನ್ನು ಚೆನ್ನಾಗಿ ಬಲ್ಲವರು. ಮೊದಲು ಅಕ್ಕಸಾಲಿ ಕೆಲಸವನ್ನೂ ಆಮೇಲೆ ಶಿಲ್ಪಕಲೆಯನ್ನೂ ಕಲಿತ ಅವರು ಪಾತ್ರೆಯ ಮೇಲೆ ಸುತ್ತಿಗೆಯ ನವಿರಾದ ಗುರುತುಗಳನ್ನು ಉಳಿಸಿ, ಬೆಳಕು ಹೊಳೆಯುವ ಬದಲು ಮೆಲ್ಲನೆ ಹರಡುವಂತೆ ಮಾಡಿದರು. ಅವರೊಡನೆ ದುಡಿದ ಚಿತ್ರಕಾರ ಯೋಹಾನ್ ರೋಡೆ 1920ರಲ್ಲಿ ರೂಪಿಸಿದ, ಅಲಂಕಾರವೇ ಇಲ್ಲದ ಹೂಜಿ ಕಾಲಕ್ಕಿಂತ ಮುಂದಿದೆಯೆಂದು 1925ರವರೆಗೆ ತಯಾರಿಕೆಗೇ ಹೋಗಲಿಲ್ಲ.

ನನ್ನ ಮಾತಿಗೆ ಹೆಚ್ಚು ಬಲ ಕೊಡುವುದು ಹೆನಿಂಗ್ ಕೊಪ್ಪೆಲ್ ಅವರ ಪಾತ್ರೆಗಳು. ಯುದ್ಧಕಾಲದಲ್ಲಿ ಸ್ವೀಡನ್ನಿನಲ್ಲಿ ಆಶ್ರಯ ಪಡೆದು, 1945ರಲ್ಲಿ ಮರಳಿ ಬಂದು ಜೆನ್ಸನ್ ಸಂಸ್ಥೆ ಸೇರಿದ ಕೊಪ್ಪೆಲ್ ಮೂಲತಃ ಶಿಲ್ಪಿ. 1952ರ ಅವರ ತುಂಬುಹೊಟ್ಟೆಯ ಹೂಜಿಯಲ್ಲಾಗಲಿ, 1954ರ ಮುಚ್ಚಳವಿರುವ ಮೀನಿನ ಹರಿವಾಣದಲ್ಲಾಗಲಿ ನೇರವಾದ ಗೆರೆಯನ್ನು ಹುಡುಕಬೇಕಾಗುತ್ತದೆ. ದುಂಡಗಿನ ಪಾತ್ರೆಯನ್ನಾದರೆ ಯಂತ್ರದ ಮೇಲೆ ತಿರುಗಿಸಿ ಒತ್ತಬಹುದು. ಎಲ್ಲಿಯೂ ಸಮವಲ್ಲದ ಈ ಉಬ್ಬುತಗ್ಗುಗಳನ್ನು ಸುತ್ತಿಗೆಯೇ ಎಬ್ಬಿಸಬೇಕು. ಇನ್ನೂ ಕಠಿಣವಾದುದೆಂದರೆ, ಎಬ್ಬಿಸಿದ ಮೇಲೆ ಆ ಏಟುಗಳ ಗುರುತನ್ನೆಲ್ಲ ಕನ್ನಡಿಯ ನುಣುಪು ಬರುವ ತನಕ ಅಳಿಸಿಬಿಡಬೇಕು. ಪಾತ್ರೆಯ ತಳದಲ್ಲಿ ವಿನ್ಯಾಸಕಾರರ ಮೊದಲಕ್ಷರಗಳ ಮುದ್ರೆ ಕಾಣುತ್ತದೆ. ಅಷ್ಟು ಕಾಲ ದುಡಿದವರ ಹೆಸರು ನೋಡುಗರಿಗೆ ತಿಳಿಯುವುದು ಅಪರೂಪ. ತಮ್ಮ ದುಡಿಮೆಯ ಸಾಕ್ಷ್ಯವನ್ನು ತಾವೇ ಅಳಿಸಿದ ಆ ಕಸುಬುದಾರರನ್ನು ನಾವೂ ಮರೆಯುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಇಂದಿನ ಡೆನ್ಮಾರ್ಕಿನಲ್ಲಿ ನಕ್ಷೆ ಬರೆಯುವವರಿಗೂ ಬಡಿಯುವವರಿಗೂ ನಡುವಿನ ಈ ಅಂತರ ಕಡಿಮೆಯಾಗುತ್ತಿದೆ, ಲೇಖನ ಬಿಟ್ಟುಬಿಟ್ಟಿರುವುದೂ ಇದನ್ನೇ. ಅಲನ್ ಶಾರ್ಫ್, ಸಿಡ್ಸೆಲ್ ಡೋರ್ಫ್-ಜೆನ್ಸನ್ ಮೊದಲಾದವರು ರೂಪವನ್ನು ಕಲ್ಪಿಸುವವರೂ ಹೌದು, ಸುತ್ತಿಗೆ ಹಿಡಿಯುವವರೂ ಹೌದು. ಜಪಾನಿನಲ್ಲಿ ಹುಟ್ಟಿ ಡೆನ್ಮಾರ್ಕಿನಲ್ಲಿ ನೆಲೆಸಿರುವ ಯೂಕಿ ಫರ್ಡಿನಾಂಡ್ಸೆನ್ ಅವರ ಬೋಗುಣಿಗಳನ್ನಂತೂ ವಿಶೇಷವಾಗಿ ಹೇಳಲೇಬೇಕು. ‘ಅರಾರೆ’ ಎಂಬ ಜಪಾನಿ ಅಲಂಕಾರ ಕ್ರಮದಲ್ಲಿ ಅವರು ಒಂದೊಂದೇ ಗುಬುಟನ್ನು ಬೆಳ್ಳಿಯಿಂದ ಎಬ್ಬಿಸುತ್ತಾರೆ; ಪಾತ್ರೆಯ ಬಾಗಿಗೆ ತಕ್ಕಂತೆ ಆ ಸಾಲುಗಳು ಸುತ್ತಿ ಹರಿಯುತ್ತವೆ. ಕೊಪ್ಪೆಲ್ ಕಾಲದ ನುಣುಪು ಮರೆಮಾಡಿದ್ದ ಏಟು ಇಲ್ಲಿ ಪಾತ್ರೆಯ ರೂಪವೇ ಆಗಿ ಎದುರಿಗೆ ನಿಲ್ಲುತ್ತದೆ. ಸಾಲಿನಲ್ಲಿ ಒಂದು ಗುಬುಟು ತಪ್ಪಿದರೂ ಕಣ್ಣಿಗೆ ಬೀಳುವ ಇಂಥ ಕೆಲಸದಲ್ಲಿ ವಿನ್ಯಾಸವನ್ನೂ ಕಸುಬನ್ನೂ ಬೇರ್ಪಡಿಸಲು ಸಾಧ್ಯವಿಲ್ಲ.

ಈ ವಿಷಯವನ್ನು ಮುಂದುವರಿಸುವುದಾದರೆ ಲೇಖಕರು ಕೋಲ್ಡಿಂಗ್ ಪಟ್ಟಣದಿಂದ ಆರಂಭಿಸಲಿ ಎಂದು ಕೋರುತ್ತೇನೆ. ಹಾನ್ಸ್ ಹಾನ್ಸನ್ ಅವರ ಬೆಳ್ಳಿ ಕಾರ್ಯಾಗಾರ ನಡೆದದ್ದು ಅಲ್ಲಿಯೇ. ಅವರ ಮಗ ಕಾರ್ಲ್ ಗುಸ್ತಾವ್ ಹಾನ್ಸನ್ ಕಸುಬನ್ನೂ ವಿನ್ಯಾಸವನ್ನೂ ಒಟ್ಟಿಗೇ ನಡೆಸಿದವರು. ಅಲ್ಲಿನ ಕೋಲ್ಡಿಂಗ್‌ಹೂಸ್ ಕೋಟೆಯ ವಸ್ತುಸಂಗ್ರಹಾಲಯ ಡೆನ್ಮಾರ್ಕಿನ ಬೆಳ್ಳಿಯನ್ನು ಸಂಗ್ರಹಿಸಿಟ್ಟಿದೆ. ಹಾಗೆಯೇ, ಇನ್ನು ಮುಂದೆ ಇಂಥ ಪಾತ್ರೆಗಳ ಚಿತ್ರ ಅಚ್ಚು ಹಾಕುವಾಗ ವಿನ್ಯಾಸಕಾರರ ಹೆಸರಿನ ಜತೆಗೆ, ತಿಳಿದಿದ್ದಲ್ಲಿ, ಬಡಿದು ರೂಪಿಸಿದವರ ಹೆಸರನ್ನೂ ಚಿತ್ರದ ಅಡಿಯಲ್ಲಿ ಕೊಡಬೇಕೆಂದು ವಿನಂತಿ.

ಇತಿ,
ತಮ್ಮ ಪತ್ರಿಕೆಯ ಓದುಗ