ಪಾಪೆ ಹಿಗ್ಗಿಸುವ ವಿಧಾನ ಬದಲಾಗಿದೆ, ಬಿಲ್ಲೂ ಸ್ವಲ್ಪ ಬದಲಾಗಿದೆ

ಆತ್ಮೀಯರೇ,

ಬರುವ ಸೋಮವಾರದಿಂದ ಪೊರೆ ಆಪರೇಷನ್ನಿನ ದಿನ ಬೆಂಚಿನ ಮೇಲೆ ಒಂದು ಗಂಟೆ ಕೂರಿಸಿ, ಪಾಪೆ (ಕಣ್ಣಿನ ನಡುವಿನ ಕಪ್ಪು ಕಿಂಡಿ) ಅರಳಲೆಂದು ಹದಿನೈದು ನಿಮಿಷಕ್ಕೊಮ್ಮೆ ಹನಿ ಬಿಡುವ ಪದ್ಧತಿ ಹೆಚ್ಚಿನವರಿಗೆ ಇರುವುದಿಲ್ಲ. ಥಿಯೇಟರಿನಲ್ಲಿ ಕಣ್ಣಿನ ಅಂಚಿಗೆ ಮಾಡುವ ಸಣ್ಣ ಸೀಳಿನಿಂದಲೇ 0.2 ಮಿ.ಲೀ. ಔಷಧಿ ಒಳಗೆ ಬಿಡುತ್ತೇವೆ: ಪಾಪೆ ಅರಳಿಸಲು ಟ್ರೋಪಿಕಮೈಡ್, ಫಿನೈಲೆಫ್ರಿನ್, ಮರಗಟ್ಟಿಸಲು ಲಿಗ್ನೊಕೇನ್. ಅರ್ಧ ನಿಮಿಷದಲ್ಲಿ ಪಾಪೆ ಅರಳುತ್ತದೆ. ಅಷ್ಟು ಹೊತ್ತಿಗೆ ಕಣ್ಣು ಮರಗಟ್ಟಿರುತ್ತದೆ, ಹೆದರಬೇಡಿ.

ಇದು ಹನಿ ಬಾಟಲಿಯಷ್ಟು ಅಗ್ಗವಲ್ಲ. ಕಣ್ಣೊಳಗೆ ಹೋಗುವ ಔಷಧಿಯಲ್ಲಿ ಕೆಡದಂತೆ ಬೆರೆಸುವ ಪ್ರಿಸರ್ವೇಟಿವ್ ಇರಬಾರದು, ಇದ್ದರೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪರದೆ) ಒಳಪದರಕ್ಕೆ ಪೆಟ್ಟು. ಹಾಗಾಗಿ ಒಬ್ಬರಿಗೆ ಒಂದು ಆಂಪೂಲ್ (ಔಷಧಿಯ ಪುಟ್ಟ ಸೀಸೆ); ಒಡೆದ ಮೇಲೆ ಮಿಕ್ಕಿದ್ದು ಚೆಲ್ಲಲೇಬೇಕು. "ಅಷ್ಟು ಉಳಿದಿದೆಯಲ್ಲ, ಇನ್ನೊಬ್ಬರಿಗೆ ಹಾಕಿ ನಮಗೆ ರೇಟು ಕಮ್ಮಿ ಮಾಡಿ" ಎನ್ನುವವರಿಗೆ ನಮ್ಮ ಉತ್ತರ ಒಂದೇ: ಆಗುವುದಿಲ್ಲ.

ಪರೀಕ್ಷೆಯ ದಿನದ ಹನಿ ಮಾತ್ರ ತಪ್ಪುವುದಿಲ್ಲ. ಹನಿಗೆ ಚೆನ್ನಾಗಿ ಅರಳುವ ಪಾಪೆಗಷ್ಟೇ ಈ ಇಂಜೆಕ್ಷನ್ ಸರಿ. ಅರಳದವರಿಗೆ ಹಳೆಯ ಕ್ರಮವೇ: ಹನಿಯ ಜೊತೆಗೆ, ಆಪರೇಷನ್ ನಡುವೆ ಪಾಪೆ ಕುಗ್ಗದಿರಲೆಂದು ಫ್ಲರ್ಬಿಪ್ರೊಫೆನ್.

ಇನ್ನು, ಅರಳದ ಪಾಪೆಯನ್ನು ಅಗಲಿಸಿ ಹಿಡಿಯಲು ಹಾಕುವ ಉಂಗುರದ ಬಗ್ಗೆ ಕೌಂಟರಿನಲ್ಲಿ ದಿನಾ ಕೇಳುವ ಮಾತು: "ಕೇಳದೆ ಉಂಗುರ ಹಾಕಿ ದುಡ್ಡು ಸೇರಿಸಿದರು." ಮೊದಲೇ ಬಾಯಿಬಿಟ್ಟು ಹೇಳದೆ, ಒಪ್ಪಿಗೆ ಪತ್ರದ ಸಣ್ಣ ಅಕ್ಷರಕ್ಕೆ ಬಿಟ್ಟದ್ದು ನಮ್ಮದೇ ತಪ್ಪು, ಕ್ಷಮೆ ಇರಲಿ. ಆದರೆ ಉಂಗುರ ಹಾಕಿದ್ದು ತಪ್ಪಲ್ಲ. ಪೊರೆಯ ಚೀಲದ ಮುಂಭಾಗದಲ್ಲಿ ಸುಮಾರು 5 ಮಿ.ಮೀ. ಅಗಲದ ದುಂಡು ಕಿಂಡಿ ತೆಗೆಯಬೇಕು. ಪಾಪೆ ಅದಕ್ಕಿಂತ ಚಿಕ್ಕದಾದರೆ ಡಾಕ್ಟರು ಕಾಣದ ಜಾಗದಲ್ಲಿ ಕೈ ಆಡಿಸಬೇಕಾಗುತ್ತದೆ. ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಉಪಕರಣಕ್ಕೆ ಸಿಕ್ಕಿ ಹರಿಯಬಹುದು, ಚೀಲವೇ ಒಡೆಯಬಹುದು. ಹಾಗಾಗದಿರಲೆಂದು 6.25 ಮಿ.ಮೀ. ಉಂಗುರವನ್ನು ಮಡಿಸಿ ಒಳಗೆ ಬಿಟ್ಟು, ಅದರ ನಾಲ್ಕು ಸುರುಳಿಗೆ ಪಾಪೆಯ ಅಂಚು ಸಿಕ್ಕಿಸುತ್ತೇವೆ. ಲೆನ್ಸ್ ಕೂತ ಮೇಲೆ ತೆಗೆದುಬಿಡುತ್ತೇವೆ. ಒಬ್ಬರಿಗೆ ಬಳಸಿದ್ದು ಕಸಕ್ಕೆ. ಉಂಗುರ ಉಳಿಸಲು ಹೋಗಿ ಕಣ್ಣು ಕೆಡಿಸುವ ಕೆಲಸ ಈ ಥಿಯೇಟರಿನಲ್ಲಿ ನಡೆಯುವುದಿಲ್ಲ.

ಬಹಳ ವರ್ಷದ ಶುಗರ್ ಇದ್ದವರ, ಪಾಪೆಯಂಚಿನಲ್ಲಿ ಬಿಳಿ ಹುಡಿ ಕೂತವರ ಪಾಪೆ ಅರಳದೆಂದು ಮೊದಲೇ ಗೊತ್ತಾಗುತ್ತದೆ. ಕೈಕೊಡುವುದು ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ನುಂಗುವವರಲ್ಲಿ. ಶುರುವಿನಲ್ಲಿ ಪಾಪೆ ಚೆನ್ನಾಗಿಯೇ ಇರುತ್ತದೆ, ನಡುವೆ ಐರಿಸ್ ಒದ್ದೆ ಬಟ್ಟೆಯ ಹಾಗೆ ಅಲುಗಾಡುತ್ತಾ ಸೀಳಿನ ಕಡೆ ನುಗ್ಗುತ್ತದೆ, ಪಾಪೆ ಕುಗ್ಗುತ್ತದೆ. ವಾರದ ಹಿಂದೆ ಮಾತ್ರೆ ಬಿಟ್ಟರೂ ಈ ಗುಣ ಹೋಗದು. ನೀವಾಗಿ ನಿಲ್ಲಿಸಿದರೆ ಮೂತ್ರ ಕಟ್ಟೀತು. ನಿಲ್ಲಿಸಬೇಡಿ, ಹೇಳಿ ಸಾಕು. ಹೆಂಗಸರೆದುರು ಹೇಳಲು ಸಂಕೋಚವಾದರೆ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಸಿಸ್ಟರ್ ಕೈಗೆ ಕೊಡಿ.

ಇನ್ನು ಮುಂದೆ ಪಾಪೆಯ ಅಳತೆ, ಉಂಗುರ ಬೇಕಾದೀತೇ, ಅದರ ದರ, ಮೂರನ್ನೂ ಪರೀಕ್ಷೆಯ ದಿನವೇ ಚೀಟಿಯಲ್ಲಿ ಬರೆದುಕೊಡುತ್ತೇವೆ. ಬಳಸದಿದ್ದರೆ ದುಡ್ಡಿಲ್ಲ. ಬಳಸಿದರೆ ಖಾಲಿ ಪ್ಯಾಕೆಟ್ ಬಿಲ್ಲಿನ ಜೊತೆಗೆ ನಿಮ್ಮ ಕೈಗೇ.

ಬಿ.ಪಿ. ಜಾಸ್ತಿ ಇದ್ದರೆ ಹನಿ ಬಿಡುವ ಮೊದಲೇ ತಿಳಿಸಿ. ಫಿನೈಲೆಫ್ರಿನ್ ಬಿಟ್ಟು ಬರೀ ಟ್ರೋಪಿಕಮೈಡ್ ಹಾಕುತ್ತೇವೆ. ಪರೀಕ್ಷೆಯ ನಂತರ ನಾಲ್ಕಾರು ಗಂಟೆ ಕಣ್ಣು ಮಂಜಾಗಿರುತ್ತದೆ. ಆಲೂರು, ಬೇಲೂರು ಕಡೆಯಿಂದ ಬೈಕಿನಲ್ಲಿ ಬರುವವರು ಓಡಿಸಲು ಮಗನನ್ನೋ ಅಳಿಯನನ್ನೋ ಕರೆತನ್ನಿ.

ಇಂತಿ,
ಆಪರೇಷನ್ ಥಿಯೇಟರ್ ಮತ್ತು ಬಿಲ್ಲಿಂಗ್ ಸಿಬ್ಬಂದಿ
ಹಾಸನ