ಅಣ್ಣನ ಜೊತೆ ನಿಂತ ನಿಮಗೆಲ್ಲ

ಭಾನುವಾರ ಅಮ್ಮನ ವರ್ಷದ ತಿಥಿ ಮುಗೀತು. ಬಂದವರಿಗೆಲ್ಲ ಅಣ್ಣನೇ ಎಲೆ ಹಾಕ್ದ, ಒಂದೊಂದು ಎಲೆನೂ ಕೈಯಲ್ಲಿ ಸವರಿ, ನೆಟ್ಟಗಿದ್ಯಾ ಅಂತ ಬಗ್ಗಿ ನೋಡಿ, ಆಮೇಲೇ ಮುಂದಕ್ಕೆ ಹೋಗ್ತಿದ್ದ. ಅದನ್ನ ನೋಡ್ತಾ ನಿಂತಾಗ ಇದನ್ನ ಬರೀಲೇಬೇಕು ಅನ್ನಿಸ್ತು.

ಅವನಿಗೀಗ 38. ಬುದ್ಧಿ ಬೆಳವಣಿಗೆ ಕಮ್ಮಿ ಅಂತ ಚಿಕ್ಕಂದಿನಲ್ಲೇ ಗೊತ್ತಾಗಿತ್ತು. ಅಮ್ಮ ಹೋದಾಗ ನೆಂಟರೆಲ್ಲ ಯಾವುದಾದ್ರೂ ಆಶ್ರಮಕ್ಕೆ ಸೇರ್ಸಿಬಿಡಮ್ಮ ಅಂದ್ರು. ಆದ್ರೆ ಅವನು ಇವತ್ತೂ ತುಮಕೂರು ಹತ್ರದ ಕ್ಯಾತ್ಸಂದ್ರದ ಅದೇ ಮನೇಲಿದಾನೆ, ನಾನು ದಿನಾ ಬೆಂಗಳೂರಿಗೆ ಟ್ರೈನಲ್ಲಿ ಹೋಗಿ ಬರ್ತಿದೀನಿ, ಮಧ್ಯದ ಹಗಲೆಲ್ಲ ಅವನನ್ನ ನೋಡ್ಕೊಂಡಿದ್ದು ನೀವು.

ಇದನ್ನ ಶುರು ಮಾಡಿದ್ದು ಅಮ್ಮ. ಸ್ಪೆಷಲ್ ಸ್ಕೂಲ್ ಗೇಟ್ ಹತ್ರ ಕಾಯ್ತಿದ್ದ ನಾಲ್ಕು ತಾಯಂದಿರು, ತಿಂಗಳಿಗೊಂದು ಶನಿವಾರ ನಿಮ್ಮ ಮಗ ನಮ್ಮನೇಲಿ ಮಲಗ್ಲಿ ನಮ್ಮವನು ನಿಮ್ಮನೇಲಿ ಅಂತ ಮಾತಾಡ್ಕೊಂಡ್ರು. ಮೊದಲ ರಾತ್ರಿ ಅಣ್ಣ ಬೆಳಗಿನವರೆಗೂ ಅತ್ತಿದ್ದ, ಯಾಕಮ್ಮ ಹೀಗೆ ಗೋಳು ಹುಯ್ಕೋತೀಯ ಅವನನ್ನ ಅಂತ ನಾನು ಜಗಳ ಆಡಿದ್ದೆ. ತಪ್ಪಾಯ್ತು ಅಮ್ಮ. ನಿನ್ನನ್ನ 23 ದಿನ ಆಸ್ಪತ್ರೇಲಿ ಇಟ್ಕೊಂಡಾಗ ಅವನು ಆ ಮೂರು ಮನೇಲೂ ನೆಮ್ಮದಿಯಾಗಿ ಉಂಡು ಮಲಗಿದ. ಕೆನಡಾದ ವ್ಯಾಂಕೂವರ್‌ನಲ್ಲಿ ಇಂಥ ಮಕ್ಕಳ ಹೆತ್ತವರೇ ಸೇರಿ 1989ರಲ್ಲಿ ಪ್ಲಾನ್ ಅನ್ನೋ ಸಂಸ್ಥೆ ಕಟ್ಟಿ, ಒಬ್ಬೊಬ್ಬರ ಸುತ್ತಲೂ ಹೀಗೆ ಜನರನ್ನ ಕೂಡಿಸೋಕೆ ಶುರು ಮಾಡಿದ್ರು ಅಂತ ನಾನು ಈಚೆಗೆ ಓದಿದೆ, ಅಮ್ಮಂಗೆ ಅದ್ಯಾವುದೂ ಗೊತ್ತಿರ್ಲಿಲ್ಲ.

18 ತುಂಬಿದ್ಮೇಲೆ ಹೆತ್ತವರೂ ಕಾನೂನು ಪ್ರಕಾರ ತಾನಾಗೇ ಗಾರ್ಡಿಯನ್ ಆಗಿರಲ್ಲ, ಇಂಥವರಿಗಾಗಿ ಇರೋ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಡಿಸಿ ಇರೋ ಸ್ಥಳೀಯ ಸಮಿತಿಗೆ ಅರ್ಜಿ ಹಾಕ್ಬೇಕು ಅಂತ ಹೇಳ್ಕೊಟ್ಟಿದ್ದು ಆ ತಾಯಂದಿರು, ನೀವೇ. ಜೆರಾಕ್ಸ್ ಕವರ್ ಹಿಡ್ಕೊಂಡು ನನ್ನ ಜೊತೆ ಡಿಸಿ ಆಫೀಸ್ ಮೆಟ್ಲು ಹತ್ತಿದ್ರಿ, 1 ಲಕ್ಷದವರೆಗಿನ ನಿರಾಮಯ ಆರೋಗ್ಯ ವಿಮೆನೂ ನೀವೇ ಮಾಡಿಸಿದ್ರಿ. ಗಾರ್ಡಿಯನ್ ಆರ್ಡರ್ ಕೈಗೆ ಬಂದ ದಿನ ನನಗಿಂತ ಮೊದಲು ಅತ್ತಿದ್ದು ನೀವು.

ಎದುರುಮನೆ ಅಜ್ಜಿ, ಅನ್ನ ಸಾರು ಕಲಸಿದ್ರೆ ಇವನು ಮುಟ್ಟಲ್ಲ ಅಂತ ಒಂದು ವರ್ಷ ಎರಡು ಬಟ್ಲಲ್ಲಿ ಬೇರೆ ಬೇರೆ ಕೊಟ್ರಿ. ಕಟಿಂಗ್ ಶಾಪ್ ಅಣ್ಣಾ, ಇವನಿಗೆ ಮೆಷಿನ್ ಸದ್ದು ಆಗಲ್ಲ ಅಂತ ಅಂಗಡೀಲಿದ್ದ ಬೇರೆ ಗಿರಾಕಿಗಳನ್ನೂ ಕಾಯಿಸಿ ಬರೀ ಕತ್ರೀಲೇ ಮುಗಿಸ್ತೀರ. ನಿಮ್ಮ ಋಣ ಹೇಗೆ ತೀರಿಸೋದೋ ಗೊತ್ತಿಲ್ಲ.

ಈ ಶನಿವಾರ ನಮ್ಮನೇಗೆ ಹೊಸ ಹುಡುಗ ಒಬ್ಬ ಮಲಗೋಕೆ ಬರ್ತಿದಾನೆ, ಅವನಿಗೆ ಇದೇ ಮೊದಲ ರಾತ್ರಿ. ಅಣ್ಣ ಬುಧವಾರದಿಂದಲೇ ತನ್ನ ಚಾಪೆ ಪಕ್ಕ ಇನ್ನೊಂದು ಚಾಪೆ ಹಾಸಿಟ್ಟಿದಾನೆ.